ಇಪ್ಪತ್ತನಾಲ್ಕು ಗಂಟೆ ಯಾರದು?

"ಎಲ್ಲರಿಗೂ ದಿನಕ್ಕೆ 24 ಗಂಟೆಯೇ, ಬಳಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ" - ವಿದ್ಯಾರ್ಥಿಗಳ ಸಭೆಗಳಲ್ಲಿ ನಾನೂ ಈ ಮಾತು ಹೇಳಿದ್ದೇನೆ. ಜೊತೆಗೆ ಅಬ್ದುಲ್ ಕಲಾಮರ ಉದಾಹರಣೆ: ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲು ರಾಮೇಶ್ವರದಲ್ಲಿ ನಿಲ್ಲದಾದಾಗ, ಓಡುವ ರೈಲಿನಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಹೆಕ್ಕಲು ನೆರವಾಗುತ್ತಾ ಓದಿದ ಹುಡುಗ.

ಒಮ್ಮೆ ಸಭೆ ಮುಗಿದ ಮೇಲೆ ಕಾಲೇಜು ಹುಡುಗಿಯೊಬ್ಬಳು ಬಂದಳು. ಸಂಜೆ ತಾಯಿಯ ಜೊತೆ ಬೀಡಿ ಕಟ್ಟುವವಳು. "ಸರ್, ಸಾವಿರಕ್ಕಿಷ್ಟು ಎಂದು ಕೂಲಿ. ಒಂದು ಗಂಟೆ ಓದಿದರೆ ಒಂದು ಗಂಟೆಯ ಕೂಲಿ ಹೋಯಿತು. ತಮ್ಮನ ಫೀಸು ಕಟ್ಟಬೇಡವೇ?"

ನನಗೆ ಉತ್ತರ ಹೊಳೆಯಲಿಲ್ಲ. ಕಲಾಮರ ಕತೆಯಲ್ಲಿ ಅರ್ಧವನ್ನಷ್ಟೇ ಹೇಳಿದ್ದೆನೆಂದು ಆಮೇಲೆ ನೆನಪಾಯಿತು. ಮದ್ರಾಸಿನ ತಾಂತ್ರಿಕ ಕಾಲೇಜಿಗೆ ಸೇರಲು ಹಣವಿಲ್ಲದಾಗ ಅವರ ಅಕ್ಕ ಝೊಹರಾ ತಮ್ಮ ಚಿನ್ನದ ಬಳೆ, ಸರವನ್ನು ಅಡವಿಟ್ಟಿದ್ದರು. ಶಿಸ್ತು ತಮ್ಮನದೇ, ಆದರೆ ಓದುವ ಸಮಯವನ್ನು ಕೊಂಡುಕೊಟ್ಟದ್ದು ಅಕ್ಕ.

ಈ ಹುಡುಗಿಯೂ ಒಬ್ಬ ಅಕ್ಕ. ತಮ್ಮನಿಗಾಗಿ ತನ್ನ ಸಂಜೆಗಳನ್ನು ಅಡವಿಟ್ಟವಳು. ಅವಳಿಗಾಗಿ ಅಡವಿಡುವವರು ಯಾರು? ಪರೀಕ್ಷೆಯ ತಿಂಗಳಲ್ಲಿ ಅವಳ ಪಾಲಿನ ಕೆಲಸವನ್ನು ಮನೆಯ ಗಂಡಸರು ಹಂಚಿಕೊಳ್ಳಬಹುದು. ಫೀಸನ್ನು ಊರಿನ ಉಳ್ಳವರು ಕಟ್ಟಬಹುದು. ಅಷ್ಟನ್ನೂ ಮಾಡದ ನಾವು ಅವಳಿಗೆ ಗಡಿಯಾರ ತೋರಿಸುವುದು ನ್ಯಾಯವೇ?