ನದಿಯ ಕಟ್ಟಳೆ ಯಾರು ಬರೆಯಬೇಕು?

ನೀರು ಶುದ್ಧವೋ ಅಲ್ಲವೋ ಎಂದು ಹೇಳಬೇಕಾದದ್ದು ಪ್ರಯೋಗಾಲಯ, ಗ್ರಾಮಸಭೆಯಲ್ಲ. ನಾಲ್ಕು ಪಾಡಾಗಳ (ಹಾಡಿಗಳ) ಆದಿವಾಸಿಗಳು ಕೈ ಎತ್ತಿ ನದಿಗೆ ಕಟ್ಟಳೆ ಹಾಕತೊಡಗಿದರೆ ಅಕ್ಕಪಕ್ಕದ ಲಕ್ಷಾಂತರ ಜನರ ಗತಿಯೇನು? ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಈ ಮಾತನ್ನು ನಾನು ಹೆಚ್ಚಾಗಿ ಓದಿದವರ ಬಾಯಲ್ಲೇ ಕೇಳುತ್ತೇನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ವಸತಿ ಪ್ರದೇಶದ ನಮ್ಮ ನಲ್ಲಿಗಳಿಗೆ ಬರುವುದು ಮುರ್ಬಾಡ್ ತಾಲ್ಲೂಕಿನ ಬಾರ್ವಿ ಅಣೆಕಟ್ಟಿನ ನೀರು. ಆ ಅಣೆಕಟ್ಟಿನ ಎತ್ತರ ಹೆಚ್ಚಿಸಿದಾಗ ಮನೆಮಾರು ಬಿಟ್ಟು ಎದ್ದವರಲ್ಲಿ ಆದಿವಾಸಿ ಕುಟುಂಬಗಳಿದ್ದವು. ಮುಂಬಯಿಗೆ ನೀರುಣಿಸುವ ಭಾತ್ಸಾ, ತಾನ್ಸಾ ಜಲಾಶಯಗಳಿರುವ ಶಹಾಪುರ ತಾಲ್ಲೂಕಿನ ಪಾಡಾಗಳಿಗೆ ಬೇಸಿಗೆ ಬಂತೆಂದರೆ ಟ್ಯಾಂಕರ್ ಹೋಗಬೇಕು. ಅವರ ನೀರು ಕುಡಿದು, ನೀರಿನ ವಿಷಯ ಅವರಿಗೆ ತಿಳಿಯದೆನ್ನುವುದು ನ್ಯಾಯವಲ್ಲ.

ವಿಜ್ಞಾನ ಇಲ್ಲಿ ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂದು ನೋಡೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿಯ ನೀರನ್ನು ಅದರ ಬಳಕೆಗೆ ತಕ್ಕಂತೆ 'ಎ'ಯಿಂದ 'ಇ'ವರೆಗೆ ಐದು ವರ್ಗ ಮಾಡಿದೆ. ಸೋಂಕು ಕಳೆದರೆ ಸಾಕು, ಕುಡಿಯಬಹುದು ಎನ್ನುವ 'ಎ' ವರ್ಗದಲ್ಲಿ 100 ಮಿಲಿಲೀಟರಿಗೆ ಕೋಲಿಫಾರ್ಮ್ 50 ಮೀರುವಂತಿಲ್ಲ. ಸ್ನಾನದ 'ಬಿ'ಯಲ್ಲಿ ಅದು 500. ಶುದ್ಧೀಕರಣ ಘಟಕದ ಮೂಲಕ ಹಾದು ಮನೆಗೆ ಬರಬೇಕಾದ 'ಸಿ'ಯಲ್ಲಿ 5000. ಎಣಿಸುವುದು ವಿಜ್ಞಾನದ ಕೆಲಸ, ಒಪ್ಪಿದೆ. ಆದರೆ ಒಂದು ಹರಿವು 'ಎ' ಆಗಿರಬೇಕೋ 'ಸಿ' ಆಗಿದ್ದರೆ ಸಾಕೋ ಎಂಬುದನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸದು. ಅಲ್ಲಿ ಯಾರು ಮೀಯುತ್ತಾರೆ, ಯಾರು ನೇರವಾಗಿ ಕುಡಿಯುತ್ತಾರೆ, ಯಾರು ಮೀನು ಹಿಡಿಯುತ್ತಾರೆ ಎಂದು ಹೋಗಿ ಕೇಳಬೇಕು.

ಶಹಾಪುರದ ಕಡೆಯ ಒಂದು ಪಾಡಾದಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಬತ್ತಿದ ಹಳ್ಳದ ಮರಳಿನಲ್ಲಿ ಮೊಣಕಾಲುದ್ದ ತೋಡಿದ ಒರತೆಯ ಪಕ್ಕ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದರು. ಮೊದಲು ಊರಿದ ನೀರನ್ನು ಬಟ್ಟಲಿನಲ್ಲಿ ಮೊಗೆದು ಆಚೆ ಚೆಲ್ಲಿದರು. ಮತ್ತೆ ಊರುವವರೆಗೂ ಕಾದು, ಮಡಚಿದ ಸೆರಗನ್ನು ಕೊಡದ ಬಾಯಿಗೆ ಹಿಡಿದು ಸೋಸಿದರು. ಬಟ್ಟೆ ಒಗೆಯುವ ಗುಂಡಿ, ದನಗಳ ಗುಂಡಿ ಎರಡೂ ಕೆಳಗಡೆ. ಮೇಲಿನ ಒರತೆಯಲ್ಲಿ ಕಾಲಿಡುವಂತಿಲ್ಲ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಇದೂ ಒಂದು ಮಾನದಂಡ. ಯಾವ ಕಡತದಲ್ಲೂ ಇದು ನಮೂದಾಗಿಲ್ಲ.

ಇಂಥದ್ದಕ್ಕೆ ಕಾನೂನಿನ ಬಲ ಕೊಟ್ಟ ದೇಶವುಂಟು. ಅಮೆರಿಕದ ಶುದ್ಧ ನೀರಿನ ಕಾಯ್ದೆಗೆ 1987ರಲ್ಲಿ ಆದ ತಿದ್ದುಪಡಿ, ಅರ್ಹ ಬುಡಕಟ್ಟುಗಳನ್ನು ಈ ವಿಷಯದಲ್ಲಿ ರಾಜ್ಯಗಳಂತೆಯೇ ಪರಿಗಣಿಸಲು ದಾರಿ ಮಾಡಿತು. ನ್ಯೂ ಮೆಕ್ಸಿಕೋದ ಇಸ್ಲೆಟಾ ಪ್ವೆಬ್ಲೋ ಜನ ರಿಯೋ ಗ್ರಾಂದೆ ನದಿಯಲ್ಲಿ ಮುಳುಗಿ ಮಾಡುವ ತಮ್ಮ ಆಚರಣೆಗಳನ್ನೂ ಒಂದು ಬಳಕೆಯೆಂದು ಬರೆದು, ರಾಜ್ಯದ್ದಕ್ಕಿಂತ ಬಿಗಿಯಾದ ಮಾನದಂಡ ಹಾಕಿಕೊಂಡರು. 1992ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಐದು ಮೈಲಿ ಮೇಲೆ ಕೊಳಚೆ ನೀರು ಬಿಡುತ್ತಿದ್ದ ಆಲ್ಬುಕರ್ಕಿ ಮಹಾನಗರ ಕೋರ್ಟಿಗೆ ಹೋಯಿತು, 1996ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಗಡಿಯಾಚೆಯ ನೆರೆಯವನ ಮೇಲೂ ಆ ಮಾನದಂಡಕ್ಕೆ ಹಿಡಿತವುಂಟು ಎಂದಾಯಿತು.

ಗಾಂಧೀಜಿಯ ಗ್ರಾಮಸ್ವರಾಜ್ಯ, ಊರೊಟ್ಟಿನ ಸಂಪತ್ತಿನ ಬಗ್ಗೆ ಎಲಿನಾರ್ ಆಸ್ಟ್ರಮ್ ಬರೆದದ್ದು ಇವೆಲ್ಲ ನನ್ನ ಪರವಾಗಿಯೇ ಇವೆ. ಆದರೂ ಅವು ನನ್ನನ್ನು ಕೆಣಕುವುದಿಲ್ಲ. ನಿದ್ದೆ ಕೆಡಿಸುವವರು ಅಂಬೇಡ್ಕರ್. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯನ್ನು ಅಜ್ಞಾನ, ಸಂಕುಚಿತತೆಗಳ ಗೂಡೆಂದು ಆಡಿದ ಕಟುನುಡಿ ಸುಮ್ಮನೆ ಬಂದದ್ದಲ್ಲ, ಅದರ ಹಿಂದೆ ಮಹಾಡ್ ಇತ್ತು. ನವಿ ಮುಂಬಯಿಯಿಂದ ಗೋವಾ ಹೆದ್ದಾರಿ ಹಿಡಿದರೆ ಅರ್ಧ ದಿನದೊಳಗೆ ಮುಟ್ಟುವ ಊರು. ಅಲ್ಲಿನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯುವುದಾಗಿ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ದಲಿತರೊಡನೆ ಹೋಗಿ ಆ ನೀರು ಕುಡಿದರು. ಆಮೇಲೆ ಊರಿನ ಸವರ್ಣೀಯರು ಸೆಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡಗಳನ್ನು ಕೆರೆಗೆ ಸುರಿದು 'ಶುದ್ಧಿ' ಮಾಡಿದರು. ಅದೇ ವರ್ಷ ಪುರಸಭೆ ತನ್ನ ಠರಾವನ್ನೂ ಹಿಂತೆಗೆದುಕೊಂಡಿತು. ಹೈಕೋರ್ಟಿನಿಂದ ನ್ಯಾಯ ಸಿಗಲು 1937 ಬರಬೇಕಾಯಿತು.

ಸ್ಥಳೀಯರು ತಮ್ಮ ನಂಬಿಕೆಯಂತೆ ನೀರಿನ ಶುದ್ಧತೆ ನಿರ್ಧರಿಸಿ, ಅದನ್ನು ನೆರೆಯವರ ಮೇಲೆ ಹೇರಿದ್ದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಬೇಕೇ? ಇಸ್ಲೆಟಾದಲ್ಲೂ ನಂಬಿಕೆ, ಮಹಾಡದಲ್ಲೂ ನಂಬಿಕೆ. ಮಹಾಡ ಹಳೆಯ ಕಥೆಯೆಂದು ಪಕ್ಕಕ್ಕೆ ಸರಿಸುವಂತೆಯೂ ಇಲ್ಲ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕೆಳಗಡೆ ಫಿಲ್ಟರ್ ಹಾಕಿಸಿದ ಮೇಲೆ, ಮನೆಗೆಲಸದವರು ಅದರಲ್ಲಿ ಬಾಟಲಿ ತುಂಬಿಕೊಳ್ಳಬಾರದೆಂದು ಸಾಮಾನ್ಯ ಸಭೆ ಬಹುಮತದಿಂದ ತೀರ್ಮಾನಿಸಿತು. ಸ್ವಚ್ಛತೆಯೇ ಕಾರಣ ಎಂದು ನೋಟೀಸು ಅಂಟಿತು. ವಿರೋಧಿಸಿದವರು ನಾವು ಮೂರು ಮನೆಯವರು. ತೀರ್ಮಾನ ನಿಂತೇಬಿಟ್ಟಿತು.

ಹಾಗಾದರೆ ಅಂಬೇಡ್ಕರ್ ಗೆದ್ದರೇ? ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಮಹಾಡದ ಕಟ್ಟಳೆ 'ನೀನು ಮುಟ್ಟಬೇಡ' ಎಂದಿತು, ಇಸ್ಲೆಟಾದ ಕಟ್ಟಳೆ 'ನಿನ್ನ ಹೊಲಸು ಬಿಡಬೇಡ' ಎಂದಿತು. ಮೊದಲನೆಯದು ಮನುಷ್ಯನನ್ನೇ ದೂರವಿಡುತ್ತದೆ, ಎರಡನೆಯದು ಒಂದು ಕೃತ್ಯವನ್ನು ತಡೆಯುತ್ತದೆ. ಕಾನೂನು ಕನಿಷ್ಠ ಮಟ್ಟವನ್ನು ಗಟ್ಟಿಮಾಡಿ, ಅದನ್ನು ಇನ್ನೂ ಬಿಗಿಮಾಡುವ ಹಕ್ಕನ್ನು ಮಾತ್ರ ಸ್ಥಳೀಯರಿಗೆ ಕೊಟ್ಟು, ಯಾರನ್ನೂ ಹೊರಗಿಡುವ ಹಕ್ಕನ್ನು ಕೊಡದಿದ್ದರೆ ಅಂಬೇಡ್ಕರ್ ಅವರ ಆತಂಕಕ್ಕೆ ಉತ್ತರ ಸಿಕ್ಕಂತೆ.

ಈ ಉತ್ತರವೂ ವಾಲಧುನಿಯ ದಂಡೆಯವರೆಗೆ ಮಾತ್ರ ಬರುತ್ತದೆ. ಅಂಬರನಾಥ, ಉಲ್ಹಾಸನಗರ ದಾಟಿ ಕಲ್ಯಾಣಕ್ಕೆ ಬರುವ ಆ ನದಿಯ ಅಂಚಿನಲ್ಲಿ ಶೌಚಾಲಯವಿಲ್ಲದ ಜೋಪಡಿಗಳಿವೆ. 'ಹೊಲಸು ಬಿಡಬೇಡ' ಎಂಬ ಕಟ್ಟಳೆ ಬಿಗಿಯಾದ ದಿನ ಬುಲ್ಡೋಜರ್ ಮೊದಲು ಬರುವುದು ಅಲ್ಲಿಗೆ, ಕಾರ್ಖಾನೆಯ ಪೈಪಿನ ಬಳಿಗಲ್ಲ. ವನಶಕ್ತಿ ಸಂಸ್ಥೆಯ ಅರ್ಜಿಯ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಉಲ್ಹಾಸ್, ವಾಲಧುನಿ ನದಿಗಳನ್ನು ಕೆಡಿಸಿದ್ದಕ್ಕೆ ಎಂಐಡಿಸಿ, ನಗರಸಂಸ್ಥೆಗಳು ಮೊದಲಾದವುಗಳ ಮೇಲೆ ಒಟ್ಟು ಸುಮಾರು 95 ಕೋಟಿ ರೂಪಾಯಿ ಹೇರಿತು. ಹಾಗಿದ್ದೂ ನಮ್ಮ ಡೊಂಬಿವಲಿಯಲ್ಲಿ 2020ರಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತು. ದೊಡ್ಡವರಿಗೆ ದಂಡ, ಬಡವರಿಗೆ ಎತ್ತಂಗಡಿ. ಮನುಷ್ಯ ಬೇರೆ, ಕೃತ್ಯ ಬೇರೆ ಎಂದು ನಾನು ಎಳೆದ ಗೆರೆ ಬಡತನ ಎದುರಾದಲ್ಲಿ ಅಳಿಸಿಹೋಗುತ್ತದೆ.

ಇನ್ನೊಂದು ತೊಡಕು ಭೂಗೋಳದ್ದು. ಇಸ್ಲೆಟಾ ಜನ ನಗರದ ಕೆಳಗಿದ್ದರು, ನಗರದ ಕೊಳಚೆ ಅವರಲ್ಲಿಗೆ ಹರಿದು ಬರುತ್ತಿತ್ತು. ನಮ್ಮಲ್ಲಿ ಶಹಾಪುರದ ಪಾಡಾಗಳು ಮೇಲಿವೆ. ಅಲ್ಲಿ ನಮ್ಮ ಹೊಲಸು ಹೋಗುವುದಿಲ್ಲ, ಅಲ್ಲಿಂದ ನಾವು ನೀರನ್ನು ತರುತ್ತೇವಷ್ಟೆ. 1996ರ ಪೆಸಾ ಕಾಯ್ದೆ ಪರಿಶಿಷ್ಟ ಪ್ರದೇಶದ ಪಂಚಾಯಿತಿಗಳಿಗೆ ಸಣ್ಣ ಜಲಮೂಲಗಳ ನಿರ್ವಹಣೆ ಒಪ್ಪಿಸಿತು, 2006ರ ಅರಣ್ಯ ಹಕ್ಕು ಕಾಯ್ದೆ ಜಲಮೂಲಗಳ ರಕ್ಷಣೆಯ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. ಶಹಾಪುರ ಪರಿಶಿಷ್ಟ ಪ್ರದೇಶ. ಆದರೆ ಭಾತ್ಸಾ ಸಣ್ಣ ಜಲಮೂಲವಲ್ಲ. ಕೆಳಗೆ, ಬೇಸಿಗೆಯಲ್ಲಿ ಜಲಪರ್ಣಿ ಎಂಬ ಜಲಕಳೆ ಹಬ್ಬುವ ಉಲ್ಹಾಸ್‌ನಲ್ಲಿ ಮೀನು ಹಿಡಿದು ಬದುಕುವ ಕಾತಕರಿ ಆದಿವಾಸಿಗಳಿದ್ದಾರೆ. ಅವರಿರುವ ಕಲ್ಯಾಣ, ಕರ್ಜತ್ ತಾಲ್ಲೂಕುಗಳು ಪರಿಶಿಷ್ಟ ಪ್ರದೇಶವಲ್ಲ, ಅಲ್ಲಿ ಪೆಸಾ ಇಲ್ಲ. ಹೊಲಸು ಇಲ್ಲದಲ್ಲಿ ಅಧಿಕಾರವಿದೆ, ಹೊಲಸು ಇರುವಲ್ಲಿ ಅಧಿಕಾರವಿಲ್ಲ.

ಆದಿವಾಸಿಗಳಿಗೆ ನದಿಯ ಮೇಲೆ ಇಸ್ಲೆಟಾದಂಥ ಹಕ್ಕು ಬೇಕೆಂದು ವಾದಿಸಲು ಹೊರಟಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಕಾತಕರಿಯ ಮೀನಿಗಾಗಿ ಬಣ್ಣದ ಕಾರ್ಖಾನೆ ಮುಚ್ಚಿದರೆ ಅಲ್ಲಿ ದುಡಿಯುವ ಬಿಹಾರದ ಹುಡುಗನಿಗೆ, ಕಲಬುರಗಿಯ ಹುಡುಗನಿಗೆ ಏನು ಹೇಳಬೇಕೆಂದು ನನಗೆ ತೋಚುತ್ತಿಲ್ಲ. ಇವರಲ್ಲಿ ಯಾರನ್ನೂ ಕೇಳದೆ ನದಿಯ ವರ್ಗ ಬರೆಯುವುದು ತಪ್ಪು ಎಂಬಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತೇನೆ. 1974ರ ಜಲ ಕಾಯ್ದೆಯ ಪ್ರಕಾರ ರಾಜ್ಯ ಮಂಡಳಿಯಲ್ಲಿ ಸ್ಥಳೀಯ ಸಂಸ್ಥೆಗಳ ಐದು ಸದಸ್ಯರವರೆಗೆ ಜಾಗವಿದೆ; ಕೃಷಿ, ಮೀನುಗಾರಿಕೆ, ಉದ್ಯಮ ಮೊದಲಾದವುಗಳ ಪರವಾಗಿ ಇನ್ನೂ ಮೂವರವರೆಗೆ. ಶಹಾಪುರದ ಪಂಚಾಯಿತಿ ಸದಸ್ಯೆಯೊಬ್ಬರನ್ನು, ಉಲ್ಹಾಸ್ ದಂಡೆಯ ಕಾತಕರಿಯೊಬ್ಬರನ್ನು ಅಲ್ಲಿ ಕೂರಿಸಲು ಕಾಯ್ದೆಯ ಒಂದಕ್ಷರವನ್ನೂ ತಿದ್ದಬೇಕಿಲ್ಲ. ಸರ್ಕಾರ ಇಷ್ಟನ್ನಾದರೂ ಮಾಡಲಿ. ಬಾರ್ವಿಯ ನೀರು ಕುಡಿಯುವ ನಾವು ಅದಕ್ಕಾಗಿ ಒತ್ತಾಯಿಸೋಣ.