ಒಂದೇ ಹಾಡು ಸಾಲದೇ?



“ಒಂದು ಹಾಡಿಗೆ ಹೆಸರಾದರು, ಆಮೇಲೆ ಎಲ್ಲಿ ಹೋದರೋ!” ಎಷ್ಟೋ ಸಂಗೀತ ತಂಡಗಳ ಬಗ್ಗೆ ಜನ ಹೀಗೆ ಹೇಳುವುದುಂಟು. ಆ ಮಾತಿನಲ್ಲಿ ಮೆಚ್ಚುಗೆಗಿಂತ ಕನಿಕರವೇ ಹೆಚ್ಚು. ಒಮ್ಮೆ ಗೆದ್ದವರು ಮತ್ತೆ ಗೆಲ್ಲದಿದ್ದರೆ ಸೋತಂತೆಯೇ ಎಂದು ನಾವು ಎಣಿಸುತ್ತೇವೆ. ದೇವರ ಲೆಕ್ಕವೂ ಹೀಗೆಯೇ ಇದೆಯೇ?

ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಸಿಸ್ಟರ್ ಜಾನೆಟ್ ಮೀಡ್ ಎಂಬ ಕನ್ಯಾಸ್ತ್ರೀ ಇದ್ದರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಜನರ ಭಾಷೆಗೆ ಬಂದಿದ್ದ ಕಾಲ ಅದು. ಯುವಜನರ ಸಂಗೀತವೂ ದೇವಾಲಯಕ್ಕೆ ಬರಲಿ ಎಂದು ಅವರು ಒಂದು ರಾಕ್ ತಂಡ ಕಟ್ಟಿ, ಅಲ್ಲಿನ ಪ್ರಧಾನಾಲಯದ ಬಲಿಪೂಜೆಯಲ್ಲಿ ಹಾಡಿಸಿದರು. ಬೆಂಗಳೂರಿನ ಪ್ರಧಾನಾಲಯದಂತೆ ಅದೂ ಸಂತ ಫ್ರಾನ್ಸಿಸ್ ಕ್ಸೇವಿಯರರದು. 1973ರಲ್ಲಿ ಪರಲೋಕ ಮಂತ್ರವನ್ನು ಗಿಟಾರ್, ಡ್ರಮ್‌ಗಳೊಡನೆ ಧ್ವನಿಮುದ್ರಿಸಿದರು. ರೆಕಾರ್ಡಿನ ಹಿಂಬದಿಗೆಂದು ಇಟ್ಟ ಆ ಹಾಡು, 1974ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು!

ಮುಂದೆ ಅಂಥ ಇನ್ನೊಂದು ಹಾಡು ಬರಲಿಲ್ಲ. ತಮ್ಮ ಪಾಲಿನ ಹಣವನ್ನು ಅವರು ದಾನಕ್ಕೆ ಕೊಟ್ಟರು. ಆ ಪ್ರಸಿದ್ಧಿ ಅವರಿಗೆ ಹೊರೆಯಾಗಿತ್ತು. ಕಲಿಸುವ ಕೆಲಸ ಮುಂದುವರಿಸಿ, ಮನೆಯಿಲ್ಲದವರ ಸೇವೆಗೆ ನಿಂತು, 2022ರ ಜನವರಿಯಲ್ಲಿ ತೀರಿಕೊಂಡರು.

ಯಜಮಾನ ಕೊಟ್ಟ ನಾಣ್ಯವನ್ನು ನೆಲದಲ್ಲಿ ಹೂತಿಟ್ಟ ಸೇವಕನಂತೆ ಇವರೂ ವರವನ್ನು ಹೂತಿಟ್ಟರೇ ಎಂದು ಕೇಳಬಹುದು. ಆದರೆ ಆ ಸೇವಕ ಹೂತಿಟ್ಟದ್ದು ಭಯದಿಂದ. ಇವರು ಬಿಟ್ಟದ್ದು ಕೀರ್ತಿಯನ್ನು, ಸೇವೆಯನ್ನಲ್ಲ. ಸಿರೇನ್ ಪಟ್ಟಣದ ಸಿಮೋನ ಶಿಲುಬೆ ಹೊತ್ತದ್ದು ಒಂದೇ ಸಲ, ಸ್ವಲ್ಪ ದೂರ. ಶಿಲುಬೆ ಹಾದಿಯ ಐದನೆಯ ಸ್ಥಳದಲ್ಲಿ ಇಂದಿಗೂ ಅವನನ್ನು ನೆನೆಯುತ್ತೇವೆ. ಬೆಥಾನಿಯದಲ್ಲಿ ಪ್ರಭುವಿಗೆ ಸುಗಂಧ ತೈಲ ಸುರಿದ ಹೆಂಗಸಿನದೂ ಒಂದೇ ಕಾರ್ಯ. ಶುಭಸಂದೇಶ ಸಾರುವಲ್ಲೆಲ್ಲ ಅದನ್ನು ಹೇಳುವರೆಂದು ಯೇಸುವೇ ಮಾತು ಕೊಟ್ಟರು. ಎರಡನೆಯ ಸಲ ಏಕೆ ಮಾಡಲಿಲ್ಲ ಎಂದು ಯಾರೂ ಅವರನ್ನು ಕೇಳಲಿಲ್ಲ.

ಆದರೆ ಹಾಡಿದವರಿಗೆ ಮಾತ್ರ ಬುದ್ಧಿ ಹೇಳಿ ಸುಮ್ಮನಾದರೆ ಸಾಲದು. ಬೆಲ್ಜಿಯಂನ ಜಾನೀನ್ ಡೆಕರ್ಸ್ ಕೂಡ ಕನ್ಯಾಸ್ತ್ರೀ. ಸಂತ ದೋಮಿನಿಕರನ್ನು ಕುರಿತ ಅವರ ಹಾಡು 1963ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು. ಆಮೇಲೆ ಅವರು ಮಠ ಬಿಟ್ಟರು. ಮುಂದಿನ ಹಾಡುಗಳನ್ನು ಜನ ಕೇಳಲಿಲ್ಲ. ಕೈಯಲ್ಲಿ ಉಳಿಯದ ಹಣಕ್ಕೂ ತೆರಿಗೆ ಕಟ್ಟಬೇಕಾದ ಕಷ್ಟ ಬಂತು. 1985ರಲ್ಲಿ ಬಹಳ ದುಃಖಕರವಾಗಿ ಅವರ ಬದುಕು ಮುಗಿಯಿತು. ಹಾಡನ್ನು ಲೋಕವೆಲ್ಲ ಗುನುಗಿತು. ಹಾಡಿದವರು ಹೇಗಿದ್ದಾರೆಂದು ಕೇಳಿದವರು ಕಡಿಮೆ. ಒಬ್ಬರಿಗೆ ಒಂದೇ ಹಾಡು ಸಾಕಾಗುವುದೂ ಇನ್ನೊಬ್ಬರಿಗೆ ಅದೇ ಉರುಳಾಗುವುದೂ ಅವರವರ ಗುಣದಿಂದ ಮಾತ್ರವಲ್ಲ. ಹಾಡು ನಿಂತ ಮೇಲೆ ಜೊತೆಗೆ ಯಾರಿದ್ದರು ಎಂಬುದೂ ಮುಖ್ಯ.

ಇದು ನಮ್ಮ ಮಾತೂ ಹೌದು. ತಮಿಳು, ತೆಲುಗು, ಕನ್ನಡ ಬೆರೆತ ಈ ಗಡಿನಾಡಿನಲ್ಲಿ ಕನ್ನಡದಲ್ಲಿ ಹಾಡುವ ಮಕ್ಕಳು ಕೆಲವರೇ. ಗಾನವೃಂದಕ್ಕೆ ಸೇರುತ್ತಾರೆ, ಎರಡು ಕ್ರಿಸ್ಮಸ್‌ಗೆ ಚೆನ್ನಾಗಿ ಹಾಡುತ್ತಾರೆ. ಆಮೇಲೆ ಹೊಸೂರಿನ ಕಾರ್ಖಾನೆಯ ಶಿಫ್ಟು, ಬೆಂಗಳೂರಿನ ಕೆಲಸ, ಮದುವೆ. ಗಾನವೃಂದ ಚದುರಿದರೆ “ಉಳಿಸಿಕೊಳ್ಳಲಿಲ್ಲ” ಎಂದು ಗೊಣಗುತ್ತೇವೆ. ಬಾಗಲೂರಿನ ಸುತ್ತ ಗುಲಾಬಿ ಬೆಳೆಯುವವರನ್ನು ಕೇಳಿ: ಪೀಠಕ್ಕಿಟ್ಟ ಹೂವು ಮುಂದಿನ ಭಾನುವಾರಕ್ಕೆ ಇರುವುದಿಲ್ಲ. ಹಾಗೆಂದು ಅದು ವ್ಯರ್ಥವಾಯಿತೆಂದು ಅವರು ಹೇಳುವುದಿಲ್ಲ.

ಹಿಂದೆ ನಮ್ಮ ಬಲಿಪೂಜೆಯಲ್ಲಿ ಹಾಡಿ, ಈಗ ಹಿಂದಿನ ಸಾಲಿನಲ್ಲಿ ಕುಳಿತವರು ಇರಬಹುದು; ದೇವಾಲಯಕ್ಕೇ ಬರದವರೂ ಇರಬಹುದು. ಈ ವಾರ ಅಂಥ ಒಬ್ಬರ ಮನೆಗೆ ಹೋಗೋಣ. “ಮತ್ತೆ ಯಾವಾಗ ಹಾಡುತ್ತೀಯಪ್ಪ?” ಎಂದು ಕೇಳುವ ಮೊದಲು “ಹೇಗಿದ್ದೀಯಪ್ಪ?” ಎಂದು ಕೇಳೋಣ.