ಕಾವಲಿನ ಕಣ್ಣು, ಒಳಗಿನ ಕಾವಲು




ಕಳೆದ ಭಾನುವಾರ ಮಗಳ ಜೊತೆ ಮಾಲ್‌ಗೆ ಹೋಗಿದ್ದೆ. ಅವಳ ಅಳತೆಯ ಶೂ ಸಿಗಲಿಲ್ಲ. ಬರಿಗೈಲಿ ಅಂಗಡಿಯಿಂದ ಹೊರಡುವಾಗ ಬಾಗಿಲಲ್ಲಿದ್ದ ಸೆಕ್ಯುರಿಟಿಯವರು ನನ್ನತ್ತ ನೋಡಿದರು. ಅಷ್ಟೇ. ನನ್ನ ಎದೆ ಡವಗುಟ್ಟಿತು. ಜೇಬಿನಲ್ಲಿದ್ದ ಕೈಗಳನ್ನು ಹೊರತೆಗೆದೆ. ತಿರುಗಿ ಹೋಗಿ ಒಂದು ಜೊತೆ ಸಾಕ್ಸ್ ಕೊಂಡು, ಬಿಲ್ಲು ಕಾಣುವ ಹಾಗೆ ಹಿಡಿದುಕೊಂಡು ಹೊರಬಂದೆ.

"ಅಪ್ಪ, ನಮಗೆ ಇದು ಬೇಕಿರ್ಲಿಲ್ವಲ್ಲ, ಯಾಕೆ ತಗೊಂಡೆ?" ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ.

ರಾತ್ರಿ ಧ್ಯಾನಕ್ಕೆ ಕೂತಾಗ ಅದೇ ಪ್ರಶ್ನೆ ಬಂತು. ಕೊಡದೇ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ಎರಡನೆಯ ಶೀಲ. ಅದನ್ನು ನಾನು ಮುರಿದಿರಲಿಲ್ಲ. ಹಾಗಾದರೆ ಆ ಅಪರಾಧಿ ಭಾವ ಎಲ್ಲಿಂದ ಬಂತು?

ಹಿರಿ ಮತ್ತು ಒತ್ತಪ್ಪ, ಇವೆರಡೂ ಲೋಕವನ್ನು ಕಾಯುತ್ತವೆ ಎಂದು ಅಂಗುತ್ತರ ನಿಕಾಯದಲ್ಲಿ ಭಗವಾನರು ಹೇಳುತ್ತಾರೆ. ಹಿರಿ ಎಂದರೆ ಕೆಟ್ಟ ಕೆಲಸಕ್ಕೆ ನಾಚುವುದು. ಒತ್ತಪ್ಪ ಎಂದರೆ ಅದರ ಫಲಕ್ಕೆ ಅಂಜುವುದು. ಎರಡೂ ಹುಟ್ಟುವುದು ನಮ್ಮ ಕೆಲಸವನ್ನು ನಾವೇ ನೋಡಿಕೊಂಡಾಗ. ನನ್ನದು ಹುಟ್ಟಿದ್ದು ಬೇರೆಯವರ ಕಣ್ಣಿನಿಂದ. ಅದು ಹಿರಿಯ ವೇಷ ಹಾಕಿದ ಹಳೆಯ ಭಯ.

ಊರಿನ ಅಂಗಡಿಯ ಹೊರಗೇ ನಿಂತು, ಕಾಸನ್ನು ಕಟ್ಟೆಯ ಮೇಲಿಟ್ಟು, ಮೇಲಿನಿಂದ ಹಾಕಿದ ಸಾಮಾನನ್ನು ಟವೆಲಿನಲ್ಲಿ ಹಿಡಿದವರು ನನ್ನ ಅಪ್ಪ. "ಏನನ್ನೂ ಮುಟ್ಟಬೇಡ ಮಗನೇ" ಎಂದು ನನ್ನ ರಕ್ಷಣೆಗಾಗಿಯೇ ಹೇಳಿಕೊಟ್ಟರು. ಆ ಮಾತು ಇನ್ನೂ ನನ್ನ ಕೈಗಳಲ್ಲಿದೆ.

1934ರಲ್ಲಿ ಬಾಬಾಸಾಹೇಬರು ಸಂಗಾತಿಗಳೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋದರು. ಹೊರಗಿನ ಕೊಳದಲ್ಲಿ ಕೈಕಾಲು ತೊಳೆದದ್ದಕ್ಕೇ ನೀರು ಮೈಲಿಗೆಯಾಯಿತೆಂದು ಗಲಾಟೆಯಾಯಿತು. ಕೊನೆಗೆ ಒಳಗೆ ಬಿಟ್ಟರು. ಆದರೆ ಎಲ್ಲೂ ನೀರು ಮುಟ್ಟದಂತೆ ನೋಡಿಕೊಳ್ಳಲು ಆಯುಧ ಹಿಡಿದ ಸಿಪಾಯಿಯೊಬ್ಬನನ್ನು ಜೊತೆಗೆ ಕಳಿಸಿದರು. ಬಾಬಾಸಾಹೇಬರು ಇದನ್ನು ಮುಚ್ಚಿಡಲಿಲ್ಲ, 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟರು. ಓದಿದವರಿಗೆ ತಿಳಿಯುತ್ತದೆ, ನಾಚಬೇಕಾದವರು ಕಾವಲಿಗೊಳಗಾದವರಲ್ಲ.

ಆ ಸೆಕ್ಯುರಿಟಿಯವರು ನನ್ನನ್ನು ಅನುಮಾನಿಸಿದರೋ ಇಲ್ಲವೋ ಗೊತ್ತಿಲ್ಲ. ನೋಡುವುದೇ ಅವರ ಕೆಲಸ. ಕೂರಲು ಅವರಿಗೊಂದು ಕುರ್ಚಿಯೂ ಇರಲಿಲ್ಲ. ಅವರ ಮೇಲೂ ಒಂದು ಕ್ಯಾಮೆರಾ ಇತ್ತು. ಅವರಿಗೂ ಮೈತ್ರಿ ಸಲ್ಲಲಿ. ಆದರೆ ಮೈತ್ರಿ ಎಂದರೆ ತಲೆ ತಗ್ಗಿಸುವುದಲ್ಲ. ನಮ್ಮೊಬ್ಬರದೇ ಬ್ಯಾಗ್ ಬಿಚ್ಚಿಸಿದರೆ, "ಎಲ್ಲರದ್ದೂ ನೋಡ್ತೀರಾ ಸರ್?" ಎಂದು ಸಮಾಧಾನವಾಗಿ, ನೇರವಾಗಿ ಕೇಳೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂದು ನಂಬುವ ಪ್ರತಿಜ್ಞೆಯೂ ಇದೆ. ಆ 'ಎಲ್ಲರಲ್ಲಿ' ನಾನೂ ಇದ್ದೇನೆ ಎಂದು ನಂಬುವುದೇ ನನಗೆ ಕಷ್ಟವಾಗಿತ್ತು.

ಇಂದಿನ ಅಭ್ಯಾಸ: ಯಾರದೋ ನೋಟ ಚುಚ್ಚಿದಾಗ ಮೂರು ಉಸಿರು ನಿಲ್ಲಿ. "ಕೊಡದೇ ಇದ್ದದ್ದನ್ನು ತೆಗೆದುಕೊಂಡೆನೇ?" ಎಂದು ಕೇಳಿಕೊಳ್ಳಿ. ಹೌದಾದರೆ ಹಿಂದಿರುಗಿಸಿ. ಇಲ್ಲವಾದರೆ, ಕೈ ಎಲ್ಲಿದೆಯೋ ಅಲ್ಲೇ ಇರಲಿ, ನಡೆಯಿರಿ.

ಮಗಳಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. "ಮುಂದಿನ ಸಲ ಬರಿಗೈಲೇ ಬರೋಣ ಅಪ್ಪ" ಎಂದಳು.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.